ಡ್ಯೂಕ್ ಸಾಹೇಬರ ಪ್ಲಾಸ್ಟಿಕ್ ಕಿರೀಟ

ಸ್ಕಾಟ್ಲೆಂಡಿನ ಗ್ಲಾಸ್ಗೋದ ರಾಯಲ್ ಎಕ್ಸ್‌ಚೇಂಜ್ ಚೌಕದಲ್ಲಿ ವೆಲ್ಲಿಂಗ್ಟನ್ ಡ್ಯೂಕ್ ಸಾಹೇಬರು 1844ರಿಂದ ಕುದುರೆ ಇಳಿದಿಲ್ಲ. ಹುಟ್ಟಿದ್ದು ಡಬ್ಲಿನ್, ನೆಪೋಲಿಯನ್ ವಿರುದ್ಧ ಗೆದ್ದದ್ದು ವಾಟರ್ಲೂ, ಮೂರ್ತಿ ಮಾಡಿದವರು ಇಟಲಿಯ ಮರೊಕೆಟ್ಟಿ. ಸ್ಥಳೀಯರ ಕೊಡುಗೆ ಒಂದೇ: ತಲೆಯ ಮೇಲಿನ ಟ್ರಾಫಿಕ್ ಕೋನ್.

ವಿಧಾನ ಸರಳ. ಪಬ್ ಬಾಗಿಲು ಹಾಕಿರಬೇಕು, ಹತ್ತಿರದಲ್ಲೆಲ್ಲೋ ರಸ್ತೆ ಅಗೆದಿರಬೇಕು. ಒಬ್ಬ ಪೀಠ ಹತ್ತಿ, ಕುದುರೆಯ ಕಾಲು ತಬ್ಬಿ, ಸಾಹೇಬರ ಬೂಟು ಮೆಟ್ಟಿ ಮೇಲೇರುತ್ತಾನೆ. ಇನ್ನೊಬ್ಬ ಕೆಳಗಿನಿಂದ ಕೋನ್ ಎತ್ತಿಕೊಡುತ್ತಾನೆ. ಕೋನ್ ಒಳಗೆ ಟೊಳ್ಳು, ಹಾಗಾಗಿ ತಲೆಗೆ ಸಲೀಸಾಗಿ ಕೂರುತ್ತದೆ. ಎಡವಟ್ಟಾಗುವುದು ಮಳೆಯಲ್ಲಿ. ಒದ್ದೆ ಕಂಚು ಜಾರುತ್ತದೆ, ಜಾರಿದವನು ಸಿಕ್ಕಿದ್ದಕ್ಕೆ ಜೋತುಬೀಳುತ್ತಾನೆ. ನೆಪೋಲಿಯನ್ ಮುಟ್ಟಲಾಗದ ಕತ್ತಿಗೆ ಹೀಗೆ ಪೆಟ್ಟು ಬಿದ್ದಿದೆ.

ಇನ್ನು ನಗರಾಡಳಿತದ ಗಣಿತ. ಒಂದು ಕೋನ್ ಇಳಿಸಲು 100 ಪೌಂಡ್, ವರ್ಷಕ್ಕೆ 10,000 ಖರ್ಚು ಎಂದರು. ಅಂದರೆ ವರ್ಷಕ್ಕೆ ನೂರು ಪಟ್ಟಾಭಿಷೇಕ! 2013ರಲ್ಲಿ 65,000 ಪೌಂಡಿನ ದುರಸ್ತಿ ಯೋಜನೆ ಬಂತು. ಪೀಠವನ್ನು ದುಪ್ಪಟ್ಟು ಮಾಡಿ ಆರಡಿ ದಾಟಿಸಿದರೆ ಹಟಮಾರಿಗಳ ಹೊರತು ಯಾರೂ ಹತ್ತಲಾರರಂತೆ. ನಡುರಾತ್ರಿ ಕಂಠಮಟ್ಟ ಕುಡಿದು ಕೋನ್ ಹೊತ್ತು ಬಂದವನು ಹಟಮಾರಿಯಲ್ಲದೆ ಮತ್ತೇನು? ಅದೇ ದುಡ್ಡಿನಲ್ಲಿ 650 ಕೋನ್, ಅಂದರೆ ಆರೂವರೆ ವರ್ಷದ ಕೋನ್ ಇಳಿಸಬಹುದಿತ್ತು. ಪೀಠ ಏರಿದಷ್ಟೂ ಬಿದ್ದವನ ಸೊಂಟದ ಗತಿ ಏನು ಎಂಬ ಲೆಕ್ಕ ಬೇರೆಯೇ ಇದೆ. ಫೇಸ್‌ಬುಕ್‌ನಲ್ಲಿ ಸಾವಿರಾರು ಜನ ಕೋನ್ ಪರ ನಿಂತರು, ಯೋಜನೆ ವಾಪಸಾಯಿತು.

ಶ್ರೀರಂಗಪಟ್ಟಣ ಬಲ್ಲವರಿಗೆ ಇದರಲ್ಲಿ ಇನ್ನೊಂದು ಮಜಾ ಇದೆ. 1799ರ ಮೇ 4ರಂದು ಅಲ್ಲಿನ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಸ್ಕಾಟ್ಲೆಂಡಿನ ಡೇವಿಡ್ ಬೇರ್ಡ್, ಹಿಂದೆ ಅದೇ ಊರಿನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಊರಿನ ಅಧಿಕಾರ ಸಿಕ್ಕಿದ್ದು ಮಾತ್ರ ಮೀಸಲು ಪಡೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಗೆ, ಅಂದರೆ ಇದೇ ಡ್ಯೂಕ್ ಸಾಹೇಬರಿಗೆ. ಆಗಿನ ಗವರ್ನರ್ ಜನರಲ್ ಬೇರಾರೂ ಅಲ್ಲ, ಸಾಹೇಬರ ಸ್ವಂತ ಅಣ್ಣ! ಬೇರ್ಡನ ಬಾಕಿಯನ್ನು ಸ್ಕಾಟ್ ಜನ ಕಂತಿನಲ್ಲಿ ವಸೂಲು ಮಾಡುತ್ತಿರಬೇಕು.

ಕಿರೀಟಕ್ಕೂ ಕಾಲಕಾಲಕ್ಕೆ ಬಡ್ತಿ ಸಿಕ್ಕಿದೆ. 2012ರ ಒಲಿಂಪಿಕ್ಸ್‌ಗೆ ಚಿನ್ನದ ಬಣ್ಣ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ದಿನ ಒಕ್ಕೂಟದ್ದೇ ಬಾವುಟದ ನೀಲಿ. 2023ರಲ್ಲಂತೂ ಬ್ಯಾಂಕ್ಸಿ ಎಂಬ ಗೋಡೆ ಕಲಾವಿದ ಪ್ರತಿಮೆಯ ಬೆನ್ನಿಗಿರುವ ಗ್ಯಾಲರಿಯಲ್ಲೇ ಪ್ರದರ್ಶನ ಇಟ್ಟ. ಈ ಜಾಗವನ್ನೇ ಆರಿಸಿದ್ದು ಕೋನ್‌ಗಾಗಿ ಎಂದ. ಗ್ಯಾಲರಿ ನಗರಾಡಳಿತದ್ದು. ಮಾಮೂಲಿಯಾಗಿ ಪ್ರವೇಶ ಉಚಿತ. ಆ ಬೇಸಿಗೆಯಲ್ಲಿ ಮಾತ್ರ ಟಿಕೆಟ್ ಇಟ್ಟಿದ್ದರು.