ಒಂದು ಸ್ಲ್ಯಾಬಿನ ಜಾತಕ

ನಮ್ಮ ಗೇಟಿನ ಮುಂದಿನ ಚರಂಡಿ ಸ್ಲ್ಯಾಬು ಮುರಿದದ್ದು ಒಂದು ಬುಧವಾರ ಬೆಳಿಗ್ಗೆ. ಹಾಲು ತರೋಣ ಅಂತ ಸ್ಕೂಟರ್ ಹೊರಗೆ ತೆಗೆದೆ. ಮುಂದಿನ ಚಕ್ರ ದಾಟಿತು, ಹಿಂದಿನದು ಒಳಗೆ ಹೋಯಿತು. ನಾನು ಮಾತ್ರ ಸೀಟಿನ ಮೇಲೆಯೇ ಇದ್ದೆ, ಹ್ಯಾಂಡಲ್ ಹಿಡಿದುಕೊಂಡು, ಆಕಾಶ ನೋಡುತ್ತಾ. ಎದುರುಮನೆ ಅಜ್ಜಿ ರಂಗೋಲಿ ನಿಲ್ಲಿಸಿ, "ಬಿದ್ಯೇನಪ್ಪಾ?" ಎಂದು ಕೇಳಿದರು. ಇಲ್ಲ ಅಜ್ಜಿ, ಸುಮ್ನೆ ಕೂತಿದ್ದೀನಿ ಅಂದೆ.

ಬುದ್ಧಿ ಇದ್ದವರಾದರೆ ಅವತ್ತೇ ಒಬ್ಬ ಮೇಸ್ತ್ರಿಯನ್ನು ಕರೆದು ಕೆಲಸ ಮುಗಿಸುತ್ತಿದ್ದರು. ನನಗೋ ಸಿಟ್ಟು. ಯಾವ ಕಂಟ್ರಾಕ್ಟರು ಹಾಕಿದ ಸ್ಲ್ಯಾಬಿದು, ಸಿಮೆಂಟು ಎಷ್ಟು ಹಾಕಿದ, ಬಿಲ್ಲು ಎಷ್ಟು ಎತ್ತಿದ, ಎಲ್ಲ ಕಾಗದದ ಮೇಲೆ ತರಿಸಿಯೇ ತೀರುತ್ತೇನೆ ಅಂತ ಶಪಥ ಮಾಡಿದೆ. ಅಮ್ಮ ಒಳಗಿಂದ ಏನೋ ಹೇಳಿದರು. ಮಿಕ್ಸಿ ಸದ್ದಿನಲ್ಲಿ ಕೇಳಿಸಲಿಲ್ಲ, ನಾನೂ ಎರಡನೇ ಸಲ ಕೇಳಲಿಲ್ಲ. ಈ ಮಿಕ್ಸಿಯ ವಿಷಯ ನೆನಪಿಟ್ಟುಕೊಳ್ಳಿ.

ನಮ್ಮೂರು ಪುರಸಭೆಯಿಂದ ನಗರಸಭೆಗೆ ಏರಿದ ಊರು. ಜನಸಂಖ್ಯೆ 50 ಸಾವಿರ ದಾಟಿದ ಊರುಗಳಿಗೆ ಸಿಗುವ ಬಡ್ತಿ ಅದು. ಬೋರ್ಡು ಬದಲಾಯಿತು, ಮುಖ್ಯಾಧಿಕಾರಿಯ ಕುರ್ಚಿಗೆ ಪೌರಾಯುಕ್ತರು ಬಂದರು, ವಾರ್ಡುಗಳ ನಂಬರೆಲ್ಲ ಅದಲುಬದಲಾದವು. ಚರಂಡಿಗಳು ಮಾತ್ರ ಇದ್ದಲ್ಲೇ ಇದ್ದವು. ಹಾಗಾಗಿ ನಮ್ಮ ಓಣಿ ಹಳೇ ಕಾಗದದಲ್ಲಿ ಒಂದು ವಾರ್ಡು, ಹೊಸ ಕಾಗದದಲ್ಲಿ ಇನ್ನೊಂದು, ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಹಾಲಿನ ಡೇರಿ ಓಣಿ. ಡೇರಿ ಮುಚ್ಚಿ ಎಷ್ಟೋ ವರ್ಷವಾಗಿದೆ.

ಕಚೇರಿಗೆ ಹೋದೆ. "ಚರಂಡಿ ದಾಖಲೆ ಬೇಕಿತ್ತು" ಅಂದೆ. ಕಂದಾಯ ಶಾಖೆಯವರು ಆರೋಗ್ಯ ಶಾಖೆ ತೋರಿಸಿದರು. ಆರೋಗ್ಯ ಶಾಖೆಯವರು, ಚರಂಡಿಯ ಹೂಳಾದರೆ ನಮ್ಮದು, ಗೋಡೆಯಾದರೆ ಎಂಜಿನಿಯರಿಂಗ್ ಶಾಖೆಯದು ಅಂದರು. ಎಂಜಿನಿಯರಿಂಗ್ ಶಾಖೆಯಲ್ಲಿ ಫ್ಯಾನ್ ತಿರುಗುತ್ತಿತ್ತು, ಕುರ್ಚಿಗೆ ಟವೆಲ್ ಹಾಕಿತ್ತು, ಮನುಷ್ಯರಿರಲಿಲ್ಲ. "ಸಾಹೇಬ್ರು ಸೈಟಿಗೆ ಹೋಗ್ಯಾರೆ" ಎಂದು ಪಕ್ಕದ ಟೇಬಲ್ಲಿನವರು ಹೇಳಿದರು. "ಸುಮ್ನೆ ತಿರುಗಬ್ಯಾಡ್ರಿ, ಒಂದು ಆರ್‌ಟಿಐ ಹಾಕಿಬಿಡ್ರಿ." ಸರ್ಕಾರಿ ಕಚೇರಿಯಲ್ಲೇ ಕೂತು ಇಂಥ ಸಲಹೆ ಕೊಡುವವರು ಇದ್ದಾರಲ್ಲ ಅಂತ ನನಗೆ ಕಣ್ಣು ತುಂಬಿ ಬಂತು. ಆಮೇಲೆ ಗೊತ್ತಾಯಿತು, ಆರ್‌ಟಿಐ ಅಂದರೆ ಕನಿಷ್ಠ 30 ದಿನ ಈ ಮನುಷ್ಯ ಇತ್ತ ತಲೆ ಹಾಕುವುದಿಲ್ಲ ಅಂತ ಅರ್ಥ.

ಮನೆಗೆ ಬಂದು ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಮೂರು ಪುಟ. ಕೊನೆಯಲ್ಲಿ ಹನ್ನೊಂದು ಪ್ರಶ್ನೆ. "ಸದರಿ ಸ್ಲ್ಯಾಬನ್ನು ಇಷ್ಟು ಕಳಪೆಯಾಗಿ ಏಕೆ ನಿರ್ಮಿಸಲಾಗಿದೆ? ಇದಕ್ಕೆ ಯಾರು ಹೊಣೆ? ನನ್ನ ಸೊಂಟಕ್ಕೆ ಯಾರು ಹೊಣೆ?" ಬರೆದದ್ದನ್ನು ಎರಡು ಸಲ ಜೋರಾಗಿ ಓದಿಕೊಂಡೆ, ಅಷ್ಟು ಚೆನ್ನಾಗಿತ್ತು.

ಇನ್ನು ಶುಲ್ಕ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಬೇಕು. ಅಂಚೆ ಕಚೇರಿಯಲ್ಲಿ 10ರದ್ದು ಮುಗಿದಿತ್ತು, ಸೋಮವಾರ ಬನ್ನಿ ಅಂದರು. ಸೋಮವಾರ ಸರ್ವರ್ ಇರಲಿಲ್ಲ. ಮಂಗಳವಾರ ಸಿಕ್ಕಿತು. ಅಲ್ಲೇ ಗೋಂದಿನ ಡಬ್ಬಿ ಪಕ್ಕದಲ್ಲಿ ನಿಂತು, ದಾರ ಕಟ್ಟಿದ ಪೆನ್ನಿನಲ್ಲಿ ತುಂಬಿದೆ. ಯಾವ ಫಾರಂ ಕಂಡರೂ ಮೊದಲ ಖಾಲಿ ಗೆರೆಯ ಮೇಲೆ ಹೆಸರು ಬರೆಯುವುದು ನನಗೆ ಶಾಲೆಯಿಂದ ಬಂದ ಚಾಳಿ. ನಗರಸಭೆಯ ಟಪಾಲು ಕ್ಲರ್ಕು ಅದನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಯಾರಿಗೆ ಕೊಡಬೇಕು ಅನ್ನೋ ಕಡೆ ನಿಮ್ಮ ಹೆಸರೇ ಹಾಕೀರಿ. ನಿಮಗೆ ನೀವೇ 10 ರೂಪಾಯಿ ಕೊಟ್ಕೊಂಡಂಗಾತು."

ಇನ್ನೊಂದು ತಂದೆ. ಸೀಲು ಹಾಕಿಸಿಕೊಂಡು ಸ್ವೀಕೃತಿ ಪಡೆದು ಬಂದೆ. ಹದಿನೈದು ದಿನಕ್ಕೇ ಉತ್ತರ ಬಂತು, ನನಗೆ ಹೆಮ್ಮೆ. ಒಡೆದು ನೋಡಿದರೆ ಎರಡೇ ಪ್ಯಾರಾ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ನನ್ನ ಅರ್ಜಿಯಲ್ಲಿ "ಮಾನ್ಯರೇ" ಇಂದ ಹೊರಟು ಸ್ಕೂಟರ್ ತನಕ ಬರುವಷ್ಟರಲ್ಲೇ 150 ಮುಗಿದಿತ್ತು. ಎರಡನೆಯದು, ತಾವು ಕೋರಿರುವುದು ಪ್ರಶ್ನೆಗಳ ರೂಪದಲ್ಲಿದ್ದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ. ಹೌದಲ್ವಾ? ಕಾಯ್ದೆ 2005ರದ್ದು, ಕಚೇರಿಯಲ್ಲಿ ಇರುವ ಕಾಗದ ಕೊಡಿಸುತ್ತದೆ. "ಏಕೆ" ಅನ್ನುವುದಕ್ಕೆ ಯಾವ ಕಚೇರಿಯಲ್ಲೂ ಕಾಗದ ಇರುವುದಿಲ್ಲ.

ದಾರಿ ತೋರಿಸಿದವರು ಕಚೇರಿ ಎದುರಿನ ಮಂಡಕ್ಕಿ ಅಂಗಡಿಯಲ್ಲಿ ಸಿಕ್ಕ, ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಅಟೆಂಡರು. ಮಿರ್ಚಿ ಮುರಿಯುತ್ತಾ ಪಾಠ ಮಾಡಿದರು. "ಕಾಗದಕ್ಕೂ ಹೆಸರು ಇರ್ತದ್ರಿ. ಹೆಸರು ಹಿಡಿದು ಕರೆದ್ರೆ ಬರ್ತದೆ. ಅಂದಾಜು ಪಟ್ಟಿ ಅನ್ರಿ, ಕಾರ್ಯಾದೇಶ ಅನ್ರಿ, ಎಂಬಿ ಪುಸ್ತಕ ಅನ್ರಿ." ಎಂಬಿ ಅಂದರೆ ಅಳತೆ ಪುಸ್ತಕ. ಕಾಮಗಾರಿ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಆಯಿತು ಅಂತ ಎಂಜಿನಿಯರು ಅದರಲ್ಲಿ ಬರೆದ ಮೇಲೇ ಕಂಟ್ರಾಕ್ಟರಿಗೆ ದುಡ್ಡು. ಅಂದರೆ ಪ್ರತಿ ಚರಂಡಿಗೂ ಒಂದು ಜಾತಕ ಇದೆ! ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಎರಡನೇ ಅರ್ಜಿ ನಾಲ್ಕೇ ಸಾಲು. ಓಣಿಯ ಹೆಸರನ್ನು ನೀರಿನ ಬಿಲ್ಲಿನಲ್ಲಿ ಇದ್ದ ಹಾಗೆಯೇ ಬರೆದೆ, ಬಡಾವಣೆಯ ಹೆಸರು, 3ನೇ ಅಡ್ಡರಸ್ತೆ ಅಂತ. ಕಾಯುತ್ತಾ ಕೂತೆ. ಕಾಯ್ದೆಯಲ್ಲಿ 30 ದಿನ ದಾಟಿದರೆ ಮಾಹಿತಿ ಪುಕ್ಕಟೆ ಕೊಡಬೇಕು, ಹಾಗಾಗಿ ಉತ್ತರ ಬಾರದಿರಲಿ ಅಂತಲೂ ಒಂದು ಮನಸ್ಸು. 29ನೇ ದಿನ ಬಂತು. 46 ಪುಟ, ಪುಟಕ್ಕೆ 2 ರೂಪಾಯಿಯಂತೆ 92 ರೂಪಾಯಿ ಕಟ್ಟಿ ಪಡೆಯತಕ್ಕದ್ದು. ಕಟ್ಟಿದೆ. ಸಂಭ್ರಮದಿಂದ ಕಟ್ಟು ಬಿಚ್ಚಿದೆ. ಓದುತ್ತಾ ಓದುತ್ತಾ ಏನೋ ಸರಿ ಇಲ್ಲ ಅನಿಸಿತು, ಏಕೆಂದರೆ ನಮ್ಮ ಓಣಿಯಲ್ಲಿ ಮಸೀದಿಯೂ ಇಲ್ಲ, ಕಲ್ಯಾಣ ಮಂಟಪವೂ ಇಲ್ಲ. ಊರಿನ ಆ ತುದಿಯಲ್ಲಿ ಅದೇ ಹೆಸರಿನ ಇನ್ನೊಂದು ಬಡಾವಣೆ ಇದೆ, ನಮ್ಮದಕ್ಕೆ "ಹಂತ 1", ಅದಕ್ಕೆ "ಹಂತ 2". ನೀರಿನ ಬಿಲ್ಲಿನಲ್ಲಿ ಹಂತ ಇರಲಿಲ್ಲ.

92 ರೂಪಾಯಿ ಕೊಟ್ಟಿದ್ದೇನಲ್ಲ, ಬಿಡೋದು ಹೇಗೆ? ಭಾನುವಾರ ಸಂಜೆ ಹೋಗಿ ಆ ಚರಂಡಿ ನೋಡಿ ಬಂದೆ. ಕಾಗದ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. ಎಷ್ಟು ಚೆಂದದ ಚರಂಡಿ ಅಂತೀರಿ, ನೇರ, ನುಣುಪು, ನೀರು ಹರಿಯುತ್ತಿತ್ತು! ಯಾರೋ ಹೊರಗೆ ಬಂದು "ಸರ್ವೆಯವ್ರಾ?" ಅಂದರು. ಇನ್ನೊಬ್ಬರು ಬೀದಿ ದೀಪದ ದೂರು ಕೊಟ್ಟರು. ಕಾಫಿ ಕುಡಿದು ಬಂದೆ.

ಮತ್ತೆ ಅಟೆಂಡರ ಹತ್ತಿರ ಓಡಿದೆ. ಅವರು ಹಣೆ ಚಚ್ಚಿಕೊಂಡರು. "ಅಡ್ಡರಸ್ತೆ ಹೆಸರಲ್ಲಿ ಹಳೇ ಕಾಮಗಾರಿ ಸಿಗಾಂಗಿಲ್ರಿ. ಯಾರ ಮನಿಯಿಂದ ಯಾರ ಮನಿವರೆಗೆ ಅದನ್ನ ಹೇಳ್ರಿ." ಇದು ನಿಜ. ನಮ್ಮಲ್ಲಿ ಚರಂಡಿಗಳೆಲ್ಲ "ಶ್ರೀ ಇಂಥವರ ಮನೆಯಿಂದ ಶ್ರೀ ಇಂಥವರ ಮನೆಯವರೆಗೆ" ಎಂದೇ ಹುಟ್ಟುತ್ತವೆ. ಮನೆ ಮಾರಿಹೋಗಲಿ, ಯಜಮಾನರೇ ಹೋಗಲಿ, ಕಾಗದದಲ್ಲಿ ಚರಂಡಿ ಅವರ ಬಾಗಿಲಿನಿಂದಲೇ ಹೊರಡುತ್ತದೆ. ಮೂಲೆ ಮನೆಯಲ್ಲಿ ಮೊದಲು ಯಾರಿದ್ದರು ಅಂತ ಅಮ್ಮನನ್ನು ಕೇಳಿದೆ. ಈಗ ಅಲ್ಲಿ ಮೊಬೈಲ್ ಅಂಗಡಿ. "ಕಾಂಪೌಂಡರ್ ಇದ್ರು. ಯಾಕೋ?" ಅಂದರು. ಯಾಕೆ ಅಂತ ಹೇಳುವ ಅಗತ್ಯವಿಲ್ಲ, ಕಾಯ್ದೆಯ ಸೆಕ್ಷನ್ 6(2)ರ ಪ್ರಕಾರ ಅರ್ಜಿದಾರ ಕಾರಣ ಕೊಡಬೇಕಾಗಿಲ್ಲ ಅಂದೆ. ಅಮ್ಮ ಸೌಟು ಹಿಡಿದುಕೊಂಡೇ ನನ್ನನ್ನು ಒಂದು ನಿಮಿಷ ನೋಡಿದರು.

ಮೂರನೇ ಸಲ ನಕಲು ಕೇಳಲಿಲ್ಲ, ಕಡತ ಪರಿಶೀಲನೆಗೆ ಕೇಳಿದೆ. ಆ ಹಕ್ಕೂ ಇದೆ. ಒಂದು ಮಧ್ಯಾಹ್ನ ಕರೆದರು. ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯ ಗಂಟುಗಳು ಸೂರಿನ ತನಕ. ಮೇಲಿನ ಗಂಟೊಂದರ ಮೇಲೆ ಬೆಕ್ಕು ಮಲಗಿತ್ತು. ನಮ್ಮದು ಅದರ ಕೆಳಗಿನದು, ಅಂತ ಹೇಳಬೇಕಾಗಿಲ್ಲ. ಬೆಕ್ಕನ್ನು ಎಬ್ಬಿಸಿ, ಗಂಟು ಬಿಚ್ಚಿ, ಧೂಳು ಒರೆಸಿ, ಅಟೆಂಡರು ಪುಸ್ತಕ ತೆರೆದರು. ಅಂಚು ಗೆದ್ದಲು ತಿಂದಿತ್ತು, ಅಕ್ಷರ ಮುತ್ತಿನ ಹಾಗಿತ್ತು. ಕಾಂಪೌಂಡರ್ ರವರ ಮನೆಯಿಂದ ಬೇವಿನ ಮರದವರೆಗೆ ಚರಂಡಿ ನಿರ್ಮಾಣ. ಆ ಬೇವಿನ ಮರಕ್ಕೆ ನಾನು ಚಿಕ್ಕವನಿದ್ದಾಗ ಜೋಕಾಲಿ ಕಟ್ಟುತ್ತಿದ್ದೆವು. ಮರ ಕಡಿದು ಅಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟಿದ್ದಾರೆ. ಮರ ಈಗ ಇರುವುದು ಈ ಪುಸ್ತಕದಲ್ಲಿ ಮಾತ್ರ. ಸ್ವಲ್ಪ ಹೊತ್ತು ಸ್ಲ್ಯಾಬು ಮರೆತೇ ಹೋಗಿತ್ತು.

ಆಮೇಲೆ ಜೂನಿಯರ್ ಎಂಜಿನಿಯರು ಬೆರಳಿಟ್ಟು ತೋರಿಸಿದರು. ಸ್ಲ್ಯಾಬು ಎರಡೇ ಎರಡು, ರಸ್ತೆ ದಾಟುವ ಎರಡು ತುದಿಯಲ್ಲಿ. ಎರಡೂ ಇವತ್ತಿಗೂ ಗಟ್ಟಿಯಾಗಿವೆ, ಅವುಗಳ ಮೇಲೆ ಮರಳಿನ ಲಾರಿ ಹೋಗುತ್ತದೆ.

"ಹಂಗಾದ್ರೆ ನಮ್ಮ ಗೇಟಿನ ಮುಂದಿಂದು?"

"ಅದು ನಮ್ದಲ್ಲ ಸಾರ್."

"ಮತ್ತೆ ಯಾರದ್ದು?"

"ಯಾರು ಹಾಕಿದ್ರೋ ಅವರ್ದು. ಅನುಮತಿ ತಗೊಂಡಿದ್ರೆ ಅದರ ಒಂದು ನಕಲು ಕೊಡ್ರಿ, ನಮ್ಮ ಫೈಲಿಗೆ ಬೇಕಾಗ್ತದೆ." ಅವರು ನಗುತ್ತಲೇ ಹೇಳಿದರು. ನಾನು ನಗಲಿಲ್ಲ. ಎರಡು ತಿಂಗಳು ಬೆನ್ನುಹತ್ತಿ, ನಮ್ಮ ಮನೆಯ ಒತ್ತುವರಿಯನ್ನು ನಾನೇ ಕಚೇರಿಯ ಗಮನಕ್ಕೆ ತಂದಿದ್ದೆ, ಅದೂ ಲಿಖಿತವಾಗಿ, ಸ್ವೀಕೃತಿ ಸಮೇತ.

ಮನೆಗೆ ಬಂದು ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಚೇತಕ್ ತಗೊಂಡ ವರ್ಷ ನಿಮ್ಮಪ್ಪ ಹಾಕ್ಸಿದ್ದು ಅದು. ಸಜ್ಜಾ ಹಾಕಿ ಉಳಿದ ಕಬ್ಬಿಣ ಇತ್ತು, ಸಾಕಾಗ್ತದೆ ಬಿಡು ಅಂದ್ರು. ನಾನು ಬೇಡ ಅಂದೆ. ಅವತ್ತು ಬಿದ್ಯಲ್ಲ, ಅವತ್ತೂ ಅದನ್ನೇ ಹೇಳಿದೆ. ನೀನು ಕೇಳಿಸ್ಕೊಂಡ್ಯಾ?"

ಮಿಕ್ಸಿ.

ಮೇಸ್ತ್ರಿ ಬಂದು ಒಂದೇ ದಿನದಲ್ಲಿ ಹೊಸ ಸ್ಲ್ಯಾಬು ಹಾಕಿದ, ಈ ಸಲ ಅರ್ಜಿ ಕೊಟ್ಟು, ಅನುಮತಿ ತಗೊಂಡು. ಸಿಮೆಂಟು ಹಸಿ ಇರುವಾಗಲೇ ನಾನು ತೆಂಗಿನ ಕಡ್ಡಿಯಲ್ಲಿ ದಪ್ಪಕ್ಕೆ ತಾರೀಖು, ಇಸವಿ, ಹಾಕಿಸಿದವರ ಹೆಸರು ಬರೆದೆ. ಮುಂದೆ ಯಾರೂ ಅರ್ಜಿ ಹಾಕುವ ಹಾಗಾಗಬಾರದು ನೋಡಿ. ಬೆಳಿಗ್ಗೆ ಎದ್ದು ನೋಡಿದರೆ ಇಸವಿಯ ಮೇಲೆ ಸರಿಯಾಗಿ ಬೀದಿ ನಾಯಿಯ ನಾಲ್ಕು ಹೆಜ್ಜೆ, ನನ್ನ ಹೆಸರಿನ ಜಾಗದಲ್ಲಿ ಅದು ಮಲಗಿ ಎದ್ದುಹೋದ ಗುರುತು.