ಎಡಗಡೆ ವೈಪರ್ ಓಡ್ತಾ ಇತ್ತು ಅಂತ ಎಷ್ಟು ಸಲ ಹೇಳ್ಬೇಕು?

"ಮೇಡಂ, ಯಜಮಾನ್ರಿಗೆ ಫೋನ್ ಕೊಡಿ, ಅವರ ಹತ್ರ ಮಾತಾಡ್ತೀನಿ."

ಈಗಷ್ಟೇ ಮನೆಗೆ ಬಂದೆ, ಕೈ ಇನ್ನೂ ನಡುಗ್ತಿದೆ. ನನ್ನ ಕಾರಿನ ವೈಪರ್ ರಿಪೇರಿ ಮಾಡಿದ ವರ್ಕ್‌ಶಾಪಿನವನು ಆ ಮಾತು ಹೇಳಿದಾಗ ಕೌಂಟರ್ ಮುಂದೆ ಐದಾರು ಜನ ಇದ್ರು. ಪೇಪರ್ ಓದ್ತಿದ್ದ ಒಬ್ಬರು ಅದನ್ನ ತೊಡೆ ಮೇಲಿಟ್ಟು ನನ್ನ ಮುಖಾನೇ ನೋಡಿದ್ರು. ನಾನು ಬಿಲ್ ಚಾಚಿಕೊಂಡು ನಿಂತಿದ್ದೆ. ಅವನು ಅದರ ಕಡೆ ಕಣ್ಣೂ ಹಾಯಿಸ್ಲಿಲ್ಲ. ಕಾರು ನನ್ನ ಹೆಸರಲ್ಲಿದೆ. ಕಂತು ನನ್ನ ಸಂಬಳದಿಂದ ಹೋಗುತ್ತೆ. ವಾರಕ್ಕೊಮ್ಮೆ ಶಿರಾಡಿ ಘಾಟಿ ಹತ್ತಿ ಇಳಿಯೋಳು ನಾನು. ಯಜಮಾನ್ರು ಬಂದು ಏನು ಹೇಳ್ಬೇಕಿತ್ತು?

ನಾನು ಕೇಳಿದ್ದು ಇಷ್ಟೇ. ನನ್ನ ಕಾರಲ್ಲಿ ಎರಡು ವೈಪರ್‌ಗೂ ಸೇರಿ ಒಂದೇ ಮೋಟಾರ್. ಎಡಗಡೇದು ಸರಿಯಾಗಿ ಒರೆಸ್ತಿತ್ತು, ಬಲಗಡೇದು ಮಾತ್ರ ಬಿದ್ಕೊಂಡಿತ್ತು. ಹಾಗಿದ್ಮೇಲೆ ಮೋಟಾರ್ ಸುಟ್ಟಿದೆ ಅಂತ ಯಾವ ಲೆಕ್ಕದಲ್ಲಿ ಹೇಳಿದ್ರಿ? ₹6,840 ಯಾತಕ್ಕೆ ತಗೊಂಡ್ರಿ?

ಹೊಸ ಮೋಟಾರ್ ಬಂದು ಒಂಬತ್ತೇ ದಿನ. ನಿನ್ನೆ ಸಂಜೆ ಗುಂಡ್ಯದಿಂದ ಹತ್ತುವಾಗ, ಮಾರನಹಳ್ಳಿ ಹತ್ರ, ಮತ್ತೆ ಅದೇ ಬಲಗಡೇದು ಕೈಕೊಡ್ತು. ಧೋ ಅಂತ ಮಳೆ, ಮುಂದೆ ಗ್ಯಾಸ್ ಟ್ಯಾಂಕರ್, ನನ್ನ ಕಣ್ಣೆದುರು ಗಾಜಿನ ಮೇಲೆ ಬರೀ ನೀರು. ಎಡಕ್ಕೆ ವಾಲಿ, ಆ ಕಡೆ ಗಾಜಲ್ಲಿ ಇಣುಕಿ ನೋಡ್ತಾ ಸಕಲೇಶಪುರ ಮುಟ್ಟಿದೆ. ಕುತ್ತಿಗೆ ಇವತ್ತೂ ಹಿಡ್ಕೊಂಡಿದೆ.

ಅಲ್ಲಿ ರಸ್ತೆ ಬದಿ ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿ, ವೈಪರ್ ಬುಡದ ಕಪ್ಪು ಮುಚ್ಚಳಾನ ಸ್ಕ್ರೂಡ್ರೈವರಲ್ಲಿ ಎಬ್ಬಿಸಿದ. ಒಳಗೆ ವೈಪರ್ ಕಡ್ಡೀನ ಹಿಡಿದಿಡೋ ನಟ್ಟನ್ನ ಬರೀ ಬೆರಳಲ್ಲೇ ತಿರುಗಿಸಿ ತೋರಿಸಿದ. ಅಷ್ಟು ಸಡಿಲ! ಕಡ್ಡಿ ಕಿತ್ತ. ಅದರ ತೂತಿನೊಳಗಿನ ಸಣ್ಣ ಹಲ್ಲುಗಳ ಸಂದಿಯಲ್ಲೆಲ್ಲ ಬೂದಿ ಬಣ್ಣದ ಪುಡಿ. ತಂತಿ ಬ್ರಷ್ಷಲ್ಲಿ ಉಜ್ಜಿ, ವಾಪಸ್ ಕೂರಿಸಿ, ಸ್ಪ್ಯಾನರ್ ಹಾಕಿ ಬಿಗಿದ. "ಅಕ್ಕಾ, ಮೋಟಾರ್ ಪಾಡಿಗೆ ಮೋಟಾರ್ ತಿರುಗ್ತಿತ್ತು, ಕಡ್ಡಿ ಹಿಡಿತ ಇಲ್ದೆ ಜಾರ್ತಿತ್ತು. ಹಲ್ಲು ಸವೆದಿದೆ, ಮಳೆಗಾಲದೊಳಗೆ ಕಡ್ಡಿ ಒಂದು ಹೊಸದು ಹಾಕಿಸ್ಕೊಳ್ಳಿ" ಅಂದ. ಐವತ್ತು ರೂಪಾಯಿ ತಗೊಂಡ.

ಹೋಗಲಿ, ದುಡ್ಡು ಹೋಯ್ತು, ಜೀವ ಉಳೀತಲ್ಲ ಅಂತ ರಾತ್ರಿ ಸಮಾಧಾನ ಮಾಡ್ಕೊಂಡೆ. ಬಿಟ್ಟುಬಿಡೋಣ ಅಂತಾನೇ ಇದ್ದೆ. ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೀತು: ನನ್ನ ಕಾರಲ್ಲಿ ಮೋಟಾರ್ ಹೊರಗೆ ತೆಗೀಬೇಕು ಅಂದ್ರೆ ಮೊದಲು ಆ ಕಡ್ಡಿಗಳನ್ನೇ ಕೀಳಬೇಕು, ಅಂದ್ರೆ ಆ ನಟ್ಟನ್ನೇ ಬಿಚ್ಚಬೇಕು. ಬಿಚ್ಚಿದವನ ಕೈಗೆ ಅದು ಸಡಿಲ ಅಂತ ಗೊತ್ತಾಗದೇ ಇರುತ್ತಾ? ಗೊತ್ತಾಗಿಯೂ ಆ ಪುಡೀನೂ ಒರೆಸದೆ, ಸವೆದ ಕಡ್ಡೀನೇ ವಾಪಸ್ ಹಾಕಿ ಘಾಟಿಗೆ ಕಳಿಸಿದ್ರಾ?

ಇದನ್ನೇ ಕೇಳಿದೆ. ಅದಕ್ಕೆ ಬಂದ ಉತ್ತರ, ಯಜಮಾನ್ರಿಗೆ ಫೋನ್ ಕೊಡಿ. ಹಳೇ ಮೋಟಾರ್ ತೋರಿಸಿ ಅಂದೆ. ಗುಜರಿಗೆ ಹೋಯ್ತು ಅಂದ. ನನಗೆ ಅಳು ಬಂತು, ಅಲ್ಲೇ, ಎಲ್ಲರೆದುರು. ಬಿಲ್ ಮಡಚಿ ಬ್ಯಾಗಿಗೆ ಹಾಕ್ಕೊಂಡು ಬಂದ್ಬಿಟ್ಟೆ.

ಇವರ ಹತ್ರ ವಾದ ಮಾಡಿ ಏನೂ ಗಿಟ್ಟಲ್ಲ, ಗೊತ್ತು. ಆದ್ರೂ ವರ್ಕ್‌ಶಾಪಲ್ಲಿ ಕೆಲಸ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಹೇಳಿ. ಆ ನಟ್ಟು ಬಿಚ್ಚುವಾಗ ನಿಮಗೆ ಗೊತ್ತಾಗುತ್ತಾ, ಇಲ್ವಾ?