ಸ್ಪಷ್ಟನೆ: ಎಳೆತ ಕಡಿಮೆಯಾದರೆ ಗೇರ್‌ಬಾಕ್ಸೇ ಹೋಯಿತು ಅಂತಲ್ಲ

"ಹಳೆ ಆಟೋಮ್ಯಾಟಿಕ್ ಕಾರು ಎಳೆಯುತ್ತಿಲ್ಲ, ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತದೆ ಅಂದರೆ ಗೇರ್‌ಬಾಕ್ಸ್ ಮುಗಿಯಿತು, ಬದಲಾಯಿಸಲೇಬೇಕು" ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ದಯವಿಟ್ಟು ಇದನ್ನು ನಂಬಿ ಸುಮ್ನೆ ದೊಡ್ಡ ಖರ್ಚಿಗೆ ಇಳಿಯಬೇಡಿ.

ಗೇರ್ ಯಾವಾಗ ಬದಲಾಗಬೇಕು ಅನ್ನುವುದು ಕಾರಿನ ವೇಗ ಮತ್ತು ಎಂಜಿನ್ ಮೇಲಿನ ಭಾರ ನೋಡಿ ತೀರ್ಮಾನವಾಗುತ್ತದೆ. ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು ಎಷ್ಟು ತೆರೆದಿದೆ ಅಂತ ಹೇಳುವ ಥ್ರಾಟಲ್ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೆ ಒಳ್ಳೆ ಗೇರ್‌ಬಾಕ್ಸ್ ಕೂಡ ಹೊತ್ತಲ್ಲದ ಹೊತ್ತಲ್ಲಿ ಗೇರ್ ಬದಲಿಸುತ್ತದೆ.

ಏರು ಹತ್ತುವಾಗ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಗಮನಿಸಿ. ಮುಳ್ಳು ಸರ್ರನೆ ಮೇಲೇರಿ ಕಾರು ಮಾತ್ರ ಮುಂದೆ ಹೋಗದಿದ್ದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಜಾರುತ್ತಿರಬಹುದು. ಮುಳ್ಳೇ ಮೇಲೇಳಲು ಒದ್ದಾಡುತ್ತಿದ್ದರೆ ಮೊದಲು ಎಂಜಿನ್ ಕಡೆ ನೋಡಿ: ಸ್ಪಾರ್ಕ್ ಪ್ಲಗ್, ಫ್ಯೂಯೆಲ್ ಫಿಲ್ಟರ್, ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ). ಈ ಕೊನೆಯದನ್ನು ಜಾಸ್ತಿ ಜನ ಮರೆಯುತ್ತಾರೆ.

ಗ್ಯಾರೇಜಿನ ಸ್ಕ್ಯಾನರ್‌ನಲ್ಲಿ ಪಿ0700 (P0700) ಎಂಬ ದೋಷದ ಕೋಡ್ ಬಂದರೂ ಗಾಬರಿ ಬೇಡ. ಗೇರ್‌ಬಾಕ್ಸ್ ಕಂಪ್ಯೂಟರ್ ಒಂದು ದೋಷ ದಾಖಲಿಸಿದೆ ಅಂತಷ್ಟೇ ಅದರ ಅರ್ಥ. ಯಾವ ದೋಷ ಅಂತ ಹೇಳುವ ಕೋಡ್ ಬೇರೆ ಇರುತ್ತದೆ, ಅದನ್ನು ಓದಿಸಿ.

ಗೇರ್‌ಬಾಕ್ಸ್ ಆಯಿಲ್‌ನ ಮಟ್ಟವನ್ನು ಮ್ಯಾನುಯಲ್‌ನಲ್ಲಿ ಹೇಳಿದಂತೆ ನೋಡಿ. ಒಂದು ಹನಿ ಬಿಳಿ ಬಟ್ಟೆಗೆ ಹಾಕಿ. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಆಗ ಗೇರ್‌ಬಾಕ್ಸ್ ಮೇಲಿನ ಅನುಮಾನಕ್ಕೆ ಕಾರಣವಿದೆ.